ಕೂಲರ್ ಹಾಕಿದ ಮೇಲೂ ಮೀಟರಿನ ಮುಳ್ಳು ಇಳಿಯುತ್ತಿಲ್ಲ: ಪಿಕಪ್‌ನ ಟ್ರಾನ್ಸ್‌ಮಿಷನ್ ಕೂಲರ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಫೀನಿಕ್ಸ್, ಅರಿಜೋನಾ): ನಮಸ್ಕಾರ ಸರ್. ನನ್ನದು 2008ರ ಪಿಕಪ್, ವಿ6 ಎಂಜಿನ್, ಐದು ಗೇರಿನ ಆಟೋಮ್ಯಾಟಿಕ್. ಬೇಸಿಗೆಯಲ್ಲಿ ಸುಮಾರು 3,500 ಪೌಂಡ್ ತೂಕದ ಕ್ಯಾಂಪಿಂಗ್ ಟ್ರೈಲರ್ ಎಳೆದುಕೊಂಡು ಐ-17 ಹೆದ್ದಾರಿಯಲ್ಲಿ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವುದು ನಮ್ಮ ಮನೆಯ ರೂಢಿ. ಕಳೆದ ವರ್ಷ ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿ ಏರು ಹತ್ತುವಾಗ ಸುಟ್ಟ ವಾಸನೆ ಬಂದಿತು. ಗೇರ್‌ಬಾಕ್ಸಿನ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿದರೆ ಕೆಂಪಗಿರಬೇಕಾದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು. ಆಯಿಲ್ ಬದಲಾಯಿಸಿ, ಈ ವಸಂತದಲ್ಲಿ ಗೇರ್‌ಬಾಕ್ಸಿನ ಆಯಿಲನ್ನು ತಂಪಾಗಿಸುವ ಪದರ ಪ್ಲೇಟಿನ ಕೂಲರ್ ಒಂದನ್ನು ತಂದು, ರೇಡಿಯೇಟರಿನ ಮುಂದಿರುವ ಏಸಿ ಕಂಡೆನ್ಸರಿನ ಮುಂದೆ ನಾನೇ ಕೂರಿಸಿದೆ. ರೇಡಿಯೇಟರಿನಲ್ಲಿ ತಂಪಾದ ಆಯಿಲ್ ಗೇರ್‌ಬಾಕ್ಸಿಗೆ ಮರಳುವ ಉಕ್ಕಿನ ಪೈಪನ್ನು ಕತ್ತರಿಸಿ ರಬ್ಬರ್ ಹೋಸ್ ತೊಡಿಸಿ ಕ್ಲಾಂಪ್ ಬಿಗಿದಿದ್ದೇನೆ. ಜೊತೆಗೆ ತಾಪದ ಮೀಟರ್ ಕೂಡ ಹಾಕಿ, ತಾಪ ಅಳೆದು ಮೀಟರಿಗೆ ಕಳಿಸುವ ಅದರ ಸೆಂಡರನ್ನು ಗೇರ್‌ಬಾಕ್ಸಿನಿಂದ ಹೊರಬರುವ ಪೈಪಿನಲ್ಲಿ ‘ಟಿ’ ಆಕಾರದ ಕವಲು ಜೋಡಿಸಿ ಕೂರಿಸಿದ್ದೇನೆ. ಇಷ್ಟಾದರೂ ಅದೇ ಏರಿನಲ್ಲಿ ಮುಳ್ಳು 235 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಹೋಸಿನ ಒಂದು ಕೀಲಿನಿಂದ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ನಾಲ್ಕೈದು ಕೆಂಪು ಹನಿ ಬಿದ್ದಿರುತ್ತವೆ. ಎಷ್ಟು ಬಿಗಿದರೂ ನಿಲ್ಲುತ್ತಿಲ್ಲ. ಇನ್ನೂ ದೊಡ್ಡ ಕೂಲರ್ ಕೊಳ್ಳಬೇಕೇ?

ಉತ್ತರ: ಕೊಳ್ಳಲು ಈಗಲೇ ಹೊರಡಬೇಡಿ. ಅರ್ಧ ಉತ್ತರ ನೀವು ಬರೆದುದರಲ್ಲೇ ಇದೆ. ಗೇರ್‌ಬಾಕ್ಸಿನಿಂದ ಹೊರಬರುವ ಪೈಪಿನಲ್ಲಿ ಹರಿಯುವುದು ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ಕಡೆಯಲ್ಪಟ್ಟು ಕಾದು ಆಗಷ್ಟೇ ಹೊರಬಿದ್ದ ಆಯಿಲ್. ಅದು ರೇಡಿಯೇಟರನ್ನಾಗಲಿ, ನಿಮ್ಮ ಹೊಸ ಕೂಲರನ್ನಾಗಲಿ ಇನ್ನೂ ಕಂಡೇ ಇರುವುದಿಲ್ಲ. ಅಲ್ಲಿ ಕೂತ ಸೆಂಡರ್, ಎಷ್ಟು ದೊಡ್ಡ ಕೂಲರ್ ಹಾಕಿದರೂ, ಏರಿನಲ್ಲಿ ಮೇಲೆಯೇ ತೋರಿಸುತ್ತದೆ. ಗೇರ್‌ಬಾಕ್ಸಿನ ಆಯುಷ್ಯವನ್ನು ಹೇಳುವುದು ಕೆಳಗಿನ ಪ್ಯಾನಿನಲ್ಲಿರುವ ಆಯಿಲಿನ ತಾಪ. ಅದನ್ನು ಅಳೆಯುವ ಸೆನ್ಸರ್ ಒಳಗೆ ಮೊದಲೇ ಇರುತ್ತದೆ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದಲೆಂದು ಸ್ಟೀರಿಂಗ್ ಕೆಳಗೆ ಇರುವ ಓಬಿಡಿ ಸಾಕೆಟ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿದರೆ ಬಹುಪಾಲು ಗಾಡಿಗಳಲ್ಲಿ ಫೋನಿನಲ್ಲೇ ಓದಿಕೊಳ್ಳಬಹುದು. ಪ್ಯಾನಿನಲ್ಲಿ 175ರಿಂದ 200 ಡಿಗ್ರಿ ಇದ್ದರೆ ಚಿಂತೆಯಿಲ್ಲ. ಅಲ್ಲಿಂದ ಮೇಲಕ್ಕೆ ಪ್ರತಿ 20 ಡಿಗ್ರಿಗೂ ಆಯಿಲಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕಸುಬಿನವರ ಹಳೆಯ ಲೆಕ್ಕ. ಪ್ಯಾನಿನ ಆಯಿಲೇ 240ರ ಆಸುಪಾಸಿಗೆ ಬಂದರೆ ಒಳಗೆ ವಾರ್ನಿಷ್‌ನಂಥ ಪೊರೆ ಕಟ್ಟಲು ಆರಂಭವಾಗುತ್ತದೆ, ಇನ್ನೂ ಮೇಲೇರಿದರೆ ಸೀಲುಗಳು ಗಡುಸಾಗುತ್ತವೆ.

ಹಾಗೆಂದು ನಿಮ್ಮ ಮೀಟರ್ ದಂಡವಾಗಿಲ್ಲ, ಶಾಖ ಯಾವ ಗಳಿಗೆಯಲ್ಲಿ ಹುಟ್ಟುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಫೀನಿಕ್ಸ್ ಇರುವುದು ಸುಮಾರು 1,100 ಅಡಿ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿಯಲ್ಲಿ. ಅಷ್ಟು ಎತ್ತರಕ್ಕೆ ಟ್ರೈಲರ್ ಎಳೆಯುವಾಗ ಗಾಡಿ ಐದನೇ ಗೇರಿಗೂ ನಾಲ್ಕನೆಯದಕ್ಕೂ ಓಲಾಡುತ್ತದೆ, ಪ್ರತಿ ಓಲಾಟಕ್ಕೂ ಕನ್ವರ್ಟರಿನ ಎರಡು ಬದಿಗಳನ್ನು ಒಂದಾಗಿ ಬಿಗಿಯುವ ಕ್ಲಚ್, ಅಂದರೆ ಲಾಕ್‌ಅಪ್, ಬಿಡುತ್ತದೆ. ಲಾಕ್‌ಅಪ್ ಕಚ್ಚಿಕೊಂಡಿರುವಾಗ ಕನ್ವರ್ಟರಿನಲ್ಲಿ ಜಾರಿಕೆಯೇ ಇಲ್ಲದಿರುವುದರಿಂದ ಶಾಖ ಕಡಿಮೆ. ಅದು ಬಿಟ್ಟೊಡನೆ ಎಂಜಿನ್ನಿನ ಶಕ್ತಿಯ ಒಂದು ಪಾಲು ಆಯಿಲನ್ನು ಕಡೆಯುವುದಕ್ಕೇ ಹೋಗುತ್ತದೆ. ಆದುದರಿಂದ ಏರು ಶುರುವಾಗುವ ಮೊದಲೇ ಟ್ರೈಲರ್ ಎಳೆಯುವುದಕ್ಕೆಂದು ಇರುವ ಟೋ ಮೋಡ್ ಒತ್ತಿ, ಅದಿಲ್ಲದಿದ್ದರೆ ಓವರ್‌ಡ್ರೈವ್, ಅಂದರೆ ಐದನೇ ಗೇರ್, ಆಫ್ ಮಾಡಿ ನಾಲ್ಕನೇ ಗೇರಿನಲ್ಲೇ ಹತ್ತಿ. ಎಂಜಿನ್ ಸದ್ದು ಹೆಚ್ಚಿತೆಂದು ಗಾಬರಿಯಾಗುವುದು ಬೇಡ. ಲಾಕ್‌ಅಪ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಟ್ರೈಲರ್ ಇಲ್ಲದೆ, ಹಿಂದೆ ಯಾರೂ ಇಲ್ಲದ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ, ಬಲಗಾಲು ಕದಲಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟೇ ಮುಟ್ಟಿ. ಎಂಜಿನ್ ಸುತ್ತು ಕೆಲವು ನೂರು ಹೆಚ್ಚಿ, ಕಾಲು ತೆಗೆದ ಕೆಲವೇ ಕ್ಷಣಗಳಲ್ಲಿ ಮತ್ತೆ ಇಳಿದರೆ ಲಾಕ್‌ಅಪ್ ಸರಿಯಾಗಿದೆ. ಏನೂ ಬದಲಾಗದಿದ್ದರೆ ಅದು ಕಚ್ಚುತ್ತಲೇ ಇಲ್ಲವೆಂಬ ಅನುಮಾನ ಬರುತ್ತದೆ, ಆಗ ಯಾವ ಕೂಲರೂ ನಿಮ್ಮನ್ನು ಕಾಯದು.

ಇನ್ನು ಸೋರಿಕೆ. ಪೈಪನ್ನು ಕತ್ತರಿಸಿ ನೇರವಾಗಿ ಹೋಸ್ ತೊಡಿಸಿದ್ದೀರಿ ಎಂದು ನಿಮ್ಮ ಮಾತಿನಿಂದ ತೋರುತ್ತದೆ. ನುಣುಪಾದ ಪೈಪಿನ ಮೇಲೆ ಹೋಸ್ ನಿಲ್ಲುವುದಿಲ್ಲ. ಬ್ರೇಕ್ ಪೈಪಿನ ತುದಿಯನ್ನು ಅರಳಿಸಲು ಬಳಸುವ ಫ್ಲೇರಿಂಗ್ ಉಪಕರಣದಿಂದಲೇ ಪೈಪಿನ ತುದಿಗೆ ಸಣ್ಣ ಉಬ್ಬನ್ನು ಎಬ್ಬಿಸಬೇಕು, ಅಂದರೆ ಎರಡು ಹಂತದ ಫ್ಲೇರಿನಲ್ಲಿ ಮೊದಲನೆಯ ಹಂತಕ್ಕೇ ಕೈ ನಿಲ್ಲಿಸಬೇಕು. ಆ ಉಬ್ಬನ್ನು ದಾಟಿಸಿ ಹೋಸ್ ಏರಿಸಿ, ಕ್ಲಾಂಪ್ ಉಬ್ಬಿನ ಹಿಂದೆ ಕೂರುವಂತೆ ಬಿಗಿಯಬೇಕು. ಪಟ್ಟಿಯ ತುಂಬ ಸೀಳುಗಳಿರುವ ಅಗ್ಗದ ಕ್ಲಾಂಪ್ ರಬ್ಬರನ್ನು ಕೊರೆಯುತ್ತದೆ. ಹೆಚ್ಚು ಬಿಗಿದಷ್ಟೂ ಹೆಚ್ಚು ಕೊರೆಯುತ್ತದೆ. ಇಂಧನದ ಹೋಸಿಗೆ ಬಳಸುವ, ಅಂಚು ಮಡಿಸಿದ ಕ್ಲಾಂಪ್ ತನ್ನಿ. ಹೋಸಿನ ಮೇಲೆ ಎಸ್‌ಎಇ ಜೆ1532 ಎಂದು, ಅಂದರೆ ಗೇರ್‌ಬಾಕ್ಸ್ ಆಯಿಲ್ ಕೂಲರಿನ ಹೋಸಿಗೆ ಇರುವ ಮಾನದಂಡದ ಗುರುತು, ಅಚ್ಚಾಗಿದೆಯೇ ನೋಡಿ. ಪೆಟ್ರೋಲ್ ಹೋಸ್ ಮನೆಯಲ್ಲಿ ಉಳಿದಿದೆಯೆಂದು ಅದನ್ನೇ ಹಾಕಿದವರ ಗಾಡಿಗಳು ನನ್ನ ಬಳಿಗೆ ಬಂದಿವೆ, ಬಿಸಿ ಆಯಿಲಿಗೆ ಆ ರಬ್ಬರ್ ಕಲ್ಲಿನಂತಾಗಿ ಬೆರಳಿನಿಂದ ಬಾಗಿಸಿದರೇ ಮುರಿಯುತ್ತಿತ್ತು. ಪೈಪ್ ಕತ್ತರಿಸಿದ್ದು ಹ್ಯಾಕ್‌ಸಾ ಬ್ಲೇಡಿನಿಂದಲೋ, ಟ್ಯೂಬ್ ಕಟರಿನಿಂದಲೋ ಎಂಬುದನ್ನೂ ತಿಳಿಸಿ. ನೀವು ಕತ್ತರಿಸಿದ್ದು ಮರಳುವ ಪೈಪು; ಅದರೊಳಗೆ ಉಳಿದ ಲೋಹದ ಪುಡಿ ನೇರವಾಗಿ ಗೇರ್‌ಬಾಕ್ಸಿನ ಹೊಟ್ಟೆಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ: ಪೈಪನ್ನು ಟ್ಯೂಬ್ ಕಟರಿನಿಂದಲೇ ಕತ್ತರಿಸಿದ್ದೆ ಸರ್. ತುದಿಗೆ ಉಬ್ಬು ಎಬ್ಬಿಸಿ ಹೊಸ ಕ್ಲಾಂಪ್ ಹಾಕಿದ ಮೇಲೆ ನೆಲ ಒಣಗಿದೆ. ನಾಲ್ಕನೇ ಗೇರಿನಲ್ಲಿ ಹತ್ತಿದಾಗ ಮೀಟರ್ 215 ದಾಟಲಿಲ್ಲ, ಸ್ಕ್ಯಾನರಿನಲ್ಲಿ ಪ್ಯಾನಿನ ತಾಪ 196 ಇತ್ತು. ಆದರೆ ಹೊಸ ತೊಂದರೆ ಒಂದಿದೆ. ಕೂಲರಿಗೂ ಆಯಿಲ್ ಬೇಕಲ್ಲ ಎಂದು ಎರಡು ಲೀಟರ್ ಸುರಿದಿದ್ದೆ. ಈಗ ಡಿಪ್‌ಸ್ಟಿಕ್ ಕೊಳವೆಯ ಬಾಯಲ್ಲಿ ಕೆಂಪು ನೊರೆ ಕಾಣಿಸುತ್ತಿದೆ.

ಉತ್ತರ: ತಾಪದ ಮಟ್ಟಿಗೆ ನಿಮ್ಮ ಕೂಲರ್ ಸಾಕು. ನೊರೆಗೆ ಕಾರಣ ಹೆಚ್ಚಾದ ಆಯಿಲ್. ನಿಮ್ಮದರಂಥ ಕೂಲರೂ ಹೋಸುಗಳೂ ಸೇರಿ ಹಿಡಿಯುವುದು ಸಾಮಾನ್ಯವಾಗಿ ಒಂದು ಲೀಟರಿಗಿಂತ ಕಡಿಮೆ. ಮಟ್ಟ ಹೆಚ್ಚಾದರೆ ತಿರುಗುವ ಗೇರುಗಳು ಆಯಿಲಿನಲ್ಲಿ ಮುಳುಗಿ ಗಾಳಿಯನ್ನು ಬೆರೆಸುತ್ತವೆ, ನೊರೆಯಾದ ಆಯಿಲಿಗೆ ಒತ್ತಡವೂ ನಿಲ್ಲದು, ಶಾಖವೂ ಹೊರಹೋಗದು. ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಗೇರುಗಳಿಗೂ ಒಮ್ಮೆ ಸರಿಸಿ ಪಾರ್ಕಿಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ಕಿನಲ್ಲಿ ಬಿಸಿ ಆಯಿಲಿಗೆಂದು ಇರುವ ಗುರುತನ್ನು ನೋಡಿ. ಹೆಚ್ಚಿರುವುದನ್ನು ಕೊಳವೆಯ ಮೂಲಕವೇ ಕೈಪಂಪಿನಿಂದ ಅರ್ಧರ್ಧ ಲೀಟರಿನಂತೆ ಹೀರಿ ತೆಗೆಯಿರಿ.

ಕೂಲರನ್ನು ಕಂಡೆನ್ಸರಿಗೆ ಹೇಗೆ ಕಟ್ಟಿದ್ದೀರಿ ಎಂದು ನೀವು ಹೇಳಿಲ್ಲ. ಕಿಟ್ಟಿನ ಜೊತೆ ಬರುವ, ರೆಕ್ಕೆಗಳ ನಡುವೆ ತೂರಿಸುವ ಪ್ಲಾಸ್ಟಿಕ್ ಕಡ್ಡಿಗಳಾದರೆ ತೆಗೆದುಬಿಡಿ. ಗಾಡಿ ಅದುರಿದಂತೆಲ್ಲ ಅವು ಕಂಡೆನ್ಸರಿನ ಕೊಳವೆಯನ್ನು ಉಜ್ಜುತ್ತವೆ, ಒಂದು ದಿನ ಏಸಿಯ ಗ್ಯಾಸ್ ಹೋಗುತ್ತದೆ. ಫೀನಿಕ್ಸಿನ ಜುಲೈಯಲ್ಲಿ ಅದು ಗೇರ್‌ಬಾಕ್ಸ್ ಕೆಟ್ಟದ್ದಕ್ಕಿಂತ ದೊಡ್ಡ ಜಗಳವಾದೀತು. ಅಲ್ಯುಮಿನಿಯಂ ಪಟ್ಟಿಯಿಂದ ರೇಡಿಯೇಟರಿನ ಚೌಕಟ್ಟಿಗೇ ಬೋಲ್ಟ್ ಮಾಡಿ, ನಡುವೆ ಬೆರಳು ತೂರುವಷ್ಟು ಅಂತರ ಬಿಡಿ.

ಮತ್ತೊಬ್ಬ ಸದಸ್ಯರು (ಮಿನ್ನೆಸೋಟಾ): ರೇಡಿಯೇಟರನ್ನು ಪೂರ್ತಿ ಬಿಟ್ಟು ಬರಿಯ ಹೊರಗಿನ ಕೂಲರಿಗೇ ಆಯಿಲ್ ಹರಿಸಿದರೆ ಒಳ್ಳೆಯದೆಂದು ಹಲವರು ಹೇಳುತ್ತಾರೆ. ತಾವೇನು ಹೇಳುತ್ತೀರಿ?

ಉತ್ತರ: ಹಾಗೆ ಹೇಳುವವರ ಭಯಕ್ಕೆ ಆಧಾರವಿದೆ. ರೇಡಿಯೇಟರಿನ ತೊಟ್ಟಿಯೊಳಗೆ ಆಯಿಲಿನ ಸಣ್ಣ ಕೂಲರ್ ಮುಳುಗಿರುತ್ತದೆ. ಹಳೆಯದಾಗಿ ಅದು ಬಿರುಕು ಬಿಟ್ಟರೆ ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗಿ, ಡಿಪ್‌ಸ್ಟಿಕ್ಕಿನಲ್ಲಿ ರೋಸ್ ಮಿಲ್ಕಿನಂಥ ದ್ರವ ಹತ್ತುತ್ತದೆ. ಕ್ಲಚ್ ಪ್ಲೇಟುಗಳ ಮೇಲಿನ ಪದರವನ್ನು ಹಿಡಿದಿರುವ ಅಂಟನ್ನು ಅದು ಬಿಡಿಸುತ್ತದೆ. ಆ ಬಣ್ಣ ಕಂಡ ಮೇಲೆ ಗಾಡಿಯನ್ನು ಒಂದು ಮೈಲಿಯೂ ಓಡಿಸದೆ ಎಳೆಸಿಕೊಂಡು ಹೋಗಬೇಕು. ಆದರೂ ನಿಮ್ಮ ಊರಿನ ಜನವರಿಯಲ್ಲಿ ರೇಡಿಯೇಟರಿಗೆ ಇನ್ನೊಂದು ಕೆಲಸವಿದೆ: ಎಂಜಿನ್ನಿನ ಬಿಸಿನೀರಿನಿಂದ ಅದು ಆಯಿಲನ್ನು ಬೆಚ್ಚಗೂ ಮಾಡುತ್ತದೆ. ಅದನ್ನು ಬಿಟ್ಟರೆ ಆಯಿಲ್ ಗಟ್ಟಿಯಾಗಿಯೇ ಉಳಿದು ಗೇರ್ ತಡವಾಗಿ ಬೀಳುತ್ತದೆ, ತಾಪ ಸಾಲದೆಂದು ಕಂಪ್ಯೂಟರು ಲಾಕ್‌ಅಪ್ ಕೊಡದಿರಬಹುದು. ನನ್ನ ಸಲಹೆಯೆಂದರೆ, ಹಳೆಯ ರೇಡಿಯೇಟರನ್ನು ಬದಲಾಯಿಸಿ, ಆಯಿಲ್ ಮೊದಲು ಅದರ ಮೂಲಕ, ಅನಂತರ ಹೊರಗಿನ ಕೂಲರಿನ ಮೂಲಕ ಹಾದು ಗೇರ್‌ಬಾಕ್ಸಿಗೆ ಮರಳಲಿ. ಫೀನಿಕ್ಸಿನವರಿಗಾದರೆ ರೇಡಿಯೇಟರ್ ಬಿಡುವುದಕ್ಕೆ ನಾನು ಅಷ್ಟಾಗಿ ಅಡ್ಡ ಹೇಳುವುದಿಲ್ಲ.

ಇನ್ನೊಬ್ಬರು (ಹುಬ್ಬಳ್ಳಿ): ಅಣ್ಣಾವರೇ, ನಮ್ಮ ಬೊಲೆರೊ ಪಿಕಪ್ಪಿನಲ್ಲಿ ಈರುಳ್ಳಿ ಹೇರಿಕೊಂಡು ಅರಬೈಲ್ ಘಟ್ಟ ಇಳಿದು ಹತ್ತುತ್ತೇವೆ. ನಮಗೂ ಇದು ಬೇಕೇ?

ಉತ್ತರ: ಬೇಡ. ನಿಮ್ಮದು ಕ್ಲಚ್ ತುಳಿದು ಗೇರ್ ಹಾಕುವ ಗಾಡಿ; ಅದರಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲದ ಕಾರಣ ಈ ಬಗೆಯ ಶಾಖವೂ ಹುಟ್ಟುವುದಿಲ್ಲ. ಘಟ್ಟ ಹತ್ತುವಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸಬೇಡಿ, ಗೇರ್ ಆಯಿಲನ್ನು ಕಂಪನಿಯ ಪುಸ್ತಕ ಹೇಳಿದ ಕಿಲೋಮೀಟರಿಗೆ ಬದಲಾಯಿಸಿ.