ಅಮೆರಿಕದಲ್ಲಿ ಮನೆ ಹರಾಜಿಗೆ ಕೋರ್ಟ್ ಕಡ್ಡಾಯವಾದರೆ ಸಾಲಗಾರನಿಗೆ ಸಿಗುವುದೇನು?

ಕಂತುಲೆಕ್ಕ:
ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಕಂತು ಕಟ್ಟದವರ ಮನೆಯನ್ನು ಕೋರ್ಟಿನ ಮೆಟ್ಟಿಲು ಹತ್ತದೆಯೇ ಹರಾಜು ಹಾಕಬಹುದು. ನ್ಯೂಯಾರ್ಕ್, ನ್ಯೂಜೆರ್ಸಿ, ಫ್ಲಾರಿಡಾಗಳಲ್ಲಿ ಮೊದಲು ದಾವೆ ಹೂಡಲೇಬೇಕು. ಎಲ್ಲ ಕಡೆಯೂ ಕೋರ್ಟ್ ಕಡ್ಡಾಯವಾಗಲಿ ಅನ್ನುವವರಿದ್ದಾರೆ. ದಿನ ತಳ್ಳುವುದು ಬಿಟ್ಟರೆ ಇದರಿಂದ ಸಾಲಗಾರನಿಗೆ ಏನು ಲಾಭ?

ಕಡತಕಣ್ಣು:
ದಿನಗಳೂ ಸಣ್ಣ ವಿಷಯವಲ್ಲ. ಟೆಕ್ಸಾಸ್‌ನಲ್ಲಿ ಬಾಕಿ ತೀರಿಸಲು 20 ದಿನದ ನೋಟಿಸ್, ಆಮೇಲೆ 21 ದಿನದ ಹರಾಜು ನೋಟಿಸ್, ತಿಂಗಳ ಮೊದಲ ಮಂಗಳವಾರ ಹರಾಜು. ಸಾಮಾನ್ಯವಾಗಿ ಬಾಕಿ 120 ದಿನ ದಾಟುವ ತನಕ ಪ್ರಕ್ರಿಯೆ ಶುರು ಮಾಡುವಂತಿಲ್ಲ ಎನ್ನುವ ಫೆಡರಲ್ ನಿಯಮವೇ ದೊಡ್ಡ ಆಸರೆ.

ಆದರೆ ಅಸಲು ಪ್ರಶ್ನೆ, ಕೋರ್ಟಿಗೆ ಮೊದಲು ಹೋಗಬೇಕಾದವರು ಯಾರು? ಟೆಕ್ಸಾಸ್‌ನಂಥ ಕಡೆ ಲೆಕ್ಕ ತಪ್ಪಿದ್ದರೆ ಸಾಲಗಾರನೇ ದಾವೆ ಹಾಕಿ ಹರಾಜಿನ ದಿನದೊಳಗೆ ತಡೆಯಾಜ್ಞೆ ತರಬೇಕು. ವಕೀಲರ ಫೀಸಿಗೆ ದುಡ್ಡಿದ್ದರೆ ಕಂತೇ ಕಟ್ಟುತ್ತಿದ್ದನಲ್ಲ! ದಾವೆ ಕಡ್ಡಾಯವಿದ್ದರೆ, ಪ್ರಾಮಿಸರಿ ನೋಟು, ಅಡಮಾನದ ವರ್ಗಾವಣೆ ಪತ್ರ, ಬಾಕಿಯ ಲೆಕ್ಕ ತೋರಿಸುವ ಹೊರೆ ಸಾಲ ಕೊಟ್ಟವರದು. ಸಾಲ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಮಾರಾಟವಾಗಿ ಎರಡು ಮೂರು ಕೈ ಬದಲಾಗಿದ್ದರೆ ಎಡವುವುದು ವರ್ಗಾವಣೆ ಪತ್ರದಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ 2007ರಲ್ಲಿ ಕೋರ್ಟಿಲ್ಲದೆ ನಡೆದ ಹರಾಜನ್ನು, ಆ ಹೊತ್ತಿಗೆ ಅಡಮಾನ ಬ್ಯಾಂಕಿನ ಹೆಸರಿಗೆ ಬಂದದ್ದು ಸಾಬೀತಾಗಿಲ್ಲವೆಂದು 2011ರ ಇಬಾನೆಜ್ ತೀರ್ಪು ಅನೂರ್ಜಿತಗೊಳಿಸಿತು. ಹರಾಜಿನಲ್ಲಿ ಕೊಂಡವರಿಗೂ ಇದು ತಲೆನೋವೇ.

ಸಮನ್ಸ್‌ಸಾಕ್ಷಿ:
ಒಪ್ಪಿದೆ, ಆದರೆ ದಾವೆ ಬಂದ ಮಾತ್ರಕ್ಕೆ ಜಡ್ಜ್ ಕಡತ ಜಾಲಾಡುತ್ತಾರೆ ಅಂದುಕೊಳ್ಳಬೇಡಿ. ಫ್ಲಾರಿಡಾದಲ್ಲಿ ಸಮನ್ಸ್ ಕೈಸೇರಿದ 20 ದಿನದೊಳಗೆ ಲಿಖಿತ ಉತ್ತರ ಸಲ್ಲಿಸದಿದ್ದರೆ ಏಕಪಕ್ಷೀಯ ತೀರ್ಪಿಗೆ ದಾರಿ ತೆರೆಯಿತು. ಸಾಲದ ಸರ್ವಿಸರ್ (ಸಾಲದಾತರ ಪರವಾಗಿ ಕಂತು ವಸೂಲಿ ನೋಡಿಕೊಳ್ಳುವ ಸಂಸ್ಥೆ) ಜೊತೆ ಫೋನಿನಲ್ಲಿ ಮಾತಾಡಿದ್ದು ಉತ್ತರವಲ್ಲ.

2010ರಲ್ಲಿ ಬಯಲಾದ ರೋಬೋ ಸೈನಿಂಗ್ ನೆನಪಿಸಿಕೊಳ್ಳಿ. ಕಡತ ಓದದೆ ರಾಶಿ ರಾಶಿ ಸಹಿ ಹಾಕಿದ ಆ ಅಫಿಡವಿಟ್‌ಗಳು ಹೋಗಿದ್ದು ಕೋರ್ಟುಗಳಿಗೇ. ಹೊರಬಿದ್ದದ್ದೂ ಅಲ್ಲಿಂದಲೇ, ಸಹಿ ಹಾಕಿದವರನ್ನು ಪ್ರಮಾಣ ಮಾಡಿಸಿ ಪ್ರಶ್ನಿಸಿದಾಗ. ಐದು ದೊಡ್ಡ ಸರ್ವಿಸರ್‌ಗಳು 49 ರಾಜ್ಯಗಳ ಜೊತೆ ಸುಮಾರು 2,500 ಕೋಟಿ ಡಾಲರ್‌ಗೆ ರಾಜಿಯಾದದ್ದು 2012ರಲ್ಲಿ. ಹಾಗಾಗಿ ಬರಿಯ 'ಕೋರ್ಟ್ ಕಡ್ಡಾಯ' ಎಂಬ ಒಂದು ಸಾಲಿನ ಕಾನೂನು ಸಾಲದು. ಮೂಲ ಪ್ರಾಮಿಸರಿ ನೋಟು ಯಾರ ಬಳಿ ಇದೆಯೆಂದು ದಾವೆಯಲ್ಲೇ ಪ್ರಮಾಣೀಕರಿಸುವ ಫ್ಲಾರಿಡಾದ 2013ರ ನಿಯಮ, ನ್ಯೂಯಾರ್ಕ್‌ನಲ್ಲಿರುವ 90 ದಿನದ ಮುನ್ಸೂಚನೆ, ಕೋರ್ಟಿನಲ್ಲೇ ನಡೆಯುವ ಕಡ್ಡಾಯ ರಾಜಿ ಸಭೆ ಜೊತೆಗಿರಬೇಕು. ನನ್ನ ಮಟ್ಟಿಗೆ ರಾಜಿ ಸಭೆಯೇ ಎಲ್ಲಕ್ಕಿಂತ ಉಪಯೋಗದ್ದು.

ಬಾಕಿಬುಕ್ಕು:
ಇನ್ನೊಂದು ಮಗ್ಗುಲು. ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಲ್ಲದೆ ಮನೆ ಹರಾಜು ಹಾಕಿದ ಸಾಲದಾತ, ಅದೇ ಸಾಲದಲ್ಲಿ ಉಳಿದ ಬಾಕಿಯನ್ನು ಸಾಲಗಾರನಿಂದ ವಸೂಲು ಮಾಡುವಂತಿಲ್ಲ. ದಾವೆ ಹೂಡಿದರೆ ಕೆಲವು ಬಗೆಯ ಸಾಲಗಳಲ್ಲಿ ಮಾಡಬಹುದು. ಕೋರ್ಟ್ ಕಡ್ಡಾಯ ಮಾಡುವಾಗ ಈ ರಕ್ಷಣೆ ಕೈತಪ್ಪದಂತೆ ಬರೆಯಬೇಕು. ದಾವೆ ಎಳೆದಷ್ಟೂ ಬಡ್ಡಿ, ವಕೀಲರ ಖರ್ಚು ಬಾಕಿಗೇ ಸೇರುತ್ತದೆ ಅನ್ನುವುದೂ ನೆನಪಿರಲಿ.

ಕಂತುಲೆಕ್ಕ:
ಕೋರ್ಟಿಲ್ಲದ ರಾಜ್ಯದಲ್ಲಿ ಈಗಲೇ ಹಿಡಿಯಬಹುದಾದ ದಾರಿ?

ಕಡತಕಣ್ಣು:
ಹರಾಜಿಗೆ 37 ದಿನಕ್ಕಿಂತ ಮೊದಲೇ ಸಾಲ ಪರಿಹಾರದ, ಅಂದರೆ ಕಂತು ಇಳಿಸುವಂಥ ಹರಾಜು ತಪ್ಪಿಸುವ ದಾರಿ ಕೇಳುವ, ಪೂರ್ಣ ಅರ್ಜಿ ಸರ್ವಿಸರ್‌ಗೆ ತಲುಪಿದರೆ, ಅದು ಇತ್ಯರ್ಥವಾಗುವವರೆಗೆ ಹರಾಜು ನಡೆಸುವಂತಿಲ್ಲ. ಸಣ್ಣ ಸರ್ವಿಸರ್‌ಗಳಿಗೆ ಇದರಲ್ಲಿ ವಿನಾಯಿತಿ ಇದೆ. 'ಪೂರ್ಣ' ಎಂಬ ಪದದಲ್ಲೇ ಎಲ್ಲ ಇದೆ: ಒಂದು ಸಂಬಳದ ಚೀಟಿ ಕಡಿಮೆಯಾದರೂ ಅರ್ಜಿ ಅಪೂರ್ಣ. ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.