ಅಕ್ಟೋಬರ್ ಗಾಳಿಯಲ್ಲಿ ಕಡಲ ದಂಡೆಯಿಂದ ಗಾಳ ಹಾಕೋದು ಹೇಗೆ?

ಮುನಿರಾಬಾದ್ ಗಾಳ:
ಎಲ್ಲರಿಗೂ ನಮಸ್ಕಾರ್ರೀ. ಕೊಪ್ಪಳ ಕಡೆಯವನು. ಡ್ಯಾಮಿನ ಹಿನ್ನೀರಲ್ಲಿ ಹತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ಹೋದ ವರ್ಷ ದಸರಾ ರಜೆಯಲ್ಲಿ ಮೊದಲ ಸಲ ಅಂಕೋಲಾ ಕಡೆ ಹೋದೆ. ನಮ್ಮೂರ ಮುಂದಿನ ಹಳೇ 63ನೇ ನಂಬರ್ ಹೆದ್ದಾರಿ ಹಿಡಿದರೆ ಸೀದಾ ಅಲ್ಲಿಗೇ ಮುಟ್ಟುತ್ತಿತ್ತಲ್ಲ, ಅದೇ ಧೈರ್ಯ.

ಮಧ್ಯಾಹ್ನ ಊಟ ಮುಗಿಸಿ ದಂಡೆಗೆ ಹೋದರೆ ಮುಖಕ್ಕೆ ಹೊಡೆಯೋ ಗಾಳಿ. ಎಸೆದ ದಾರ ಬಿಲ್ಲಿನ ಹಾಗೆ ಬಾಗಿ ಕಾಲ ಹತ್ತಿರವೇ ಬೀಳುತ್ತಿತ್ತು. ಇಲ್ಲಿಂದ ಒಯ್ದ 20 ಗ್ರಾಂ ಸೀಸದ ಗುಂಡನ್ನು ಅಲೆ ಉರುಳಿಸಿಕೊಂಡು ಬಂದು ನನಗೇ ವಾಪಸ್ ಕೊಡುತ್ತಿತ್ತು. ರೀಲಿನ ತುಂಬಾ ದಾರ ಗುಬ್ಬಿ ಗೂಡು. ಮೂರು ದಿನಕ್ಕೆ ಸಿಕ್ಕಿದ್ದು ಒಂದು ಏಡಿ. ಮನೆಯಲ್ಲಿ ಆ ಏಡಿ ಕಥೆ ಇನ್ನೂ ನಿಂತಿಲ್ಲ. ಈ ಸಲ ಚಿತ್ತಿ ಮಳೆ ಮುಗಿಯೋ ಹೊತ್ತಿಗೆ ಹೊರಟಿದ್ದೇನೆ. ದೋಣಿ ಬೇಡ, ವಾಂತಿ ಆಗುತ್ತೆ. ದಂಡೆಯಿಂದಲೇ ಏನು ಮಾಡಬಹುದು?

ಬಳ್ಳಾರಿ ಬಿಸಿಲು:
ಅಣ್ಣಾ, ನಿಮ್ಮ ತಪ್ಪು ಎಸೆಯೋದರಲ್ಲಿ ಇಲ್ಲ, ಊಟ ಮುಗಿಸಿ ಹೋಗಿದ್ದರಲ್ಲಿದೆ. ನಾನು ಕೆಲಸದ ಮೇಲೆ ಕಾರವಾರದಲ್ಲಿ ಆರು ವರ್ಷ ಇದ್ದೆ. ಆ ತಿಂಗಳಲ್ಲಿ ರಾತ್ರಿ ನೆಲ ತಣ್ಣಗಾಗಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತೆ. ಅಂದರೆ ನಿಮ್ಮ ಬೆನ್ನಿಗೆ. ಬಿಸಿಲೇರಿ ನೆಲ ಕಾದ ಮೇಲೆ ತಿರುಗುತ್ತೆ, ಮಧ್ಯಾಹ್ನ ಎದುರು ಗಾಳಿ. ಹಾಗಾಗಿ ಬೆಳಕು ಹರಿಯೋ ಮುಂಚೆ ದಂಡೆಯಲ್ಲಿರಿ, ಹತ್ತು ಗಂಟೆಗೆ ಗಂಟು ಕಟ್ಟಿ.

ಮಧ್ಯಾಹ್ನವೇ ಹಾಕಬೇಕು ಅಂದರೆ ದೂರ ಎಸೆಯೋ ಹುಚ್ಚು ಬಿಡಿ. ಡ್ಯಾಮಲ್ಲಿ ಗಾಳಿ ಬಡಿಯೋ ದಂಡೆಗೇ ಮೀನು ಬರುತ್ತೆ ಅಲ್ವಾ? ಇಲ್ಲೂ ಅದೇ ಲೆಕ್ಕ. ಅಲೆ ಮರಳು ಕೆದಕುತ್ತೆ, ಹುಳ, ಸಿಗಡಿ ಮೇಲೇಳುತ್ತೆ, ಅದನ್ನು ತಿನ್ನೋಕೆ ಕಾಣೆ ಮೀನು ಮೊಣಕಾಲುದ್ದ ನೀರಿನವರೆಗೂ ಬರುತ್ತೆ. ಅಲೆ ಒಡೆಯೋ ಜಾಗಕ್ಕೂ ದಂಡೆಗೂ ನಡುವೆ ನೀರು ಸ್ವಲ್ಪ ಕಪ್ಪಗೆ ಕಾಣೋ ಉದ್ದನೆ ತಗ್ಗು ಇರುತ್ತೆ, ನೋಡಿ. ಅಲ್ಲಿಗೆ ಹಾಕಿದರೆ ಸಾಕು. ಸಣ್ಣ ಗಾಳ, ಸಿಪ್ಪೆ ಸುಲಿದ ಸಿಗಡಿಯ ಬೆರಳುಗುರಿನಷ್ಟು ತುಂಡು. ಟಕ್ ಟಕ್ ಅಂತ ಎರಡು ಸಲ ರಾಡಿನ ತುದಿ ಅಲ್ಲಾಡುತ್ತೆ, ಅವಸರ ಮಾಡಬೇಡಿ, ಮೂರನೇದಕ್ಕೆ ಎತ್ತಿ.

ಸೀಸ 60-80 ಗ್ರಾಂ ಬೇಕು, ದುಂಡಗಿನದಲ್ಲ, ಪಿರಮಿಡ್ ಆಕಾರದ್ದು. ಅದರ ಮೂಲೆ ಮರಳಲ್ಲಿ ಕಚ್ಚಿಕೊಳ್ಳುತ್ತೆ. ರಾಡಿಗೆ ಅಷ್ಟು ಭಾರ ತಡೆಯುತ್ತಾ ಅಂತ ಮೊದಲು ನೋಡಿಕೊಳ್ಳಿ. ದಾರ ತೆಳ್ಳಗಿದ್ದಷ್ಟೂ ಗಾಳಿಗೆ ಸಿಗೋದು ಕಡಿಮೆ. ಮೇಲೆ ಎತ್ತಿ ಎಸೆಯಬೇಡಿ, ಪಕ್ಕದಿಂದ ತಗ್ಗಾಗಿ ಎಸೆಯಿರಿ. ಸೀಸ ನೀರು ಮುಟ್ಟೋ ಮುಂಚೆ ರೀಲಿನಲ್ಲಿ ದಾರ ಸುತ್ತಿರೋ ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ದಾರ ತಡೆಯಿರಿ. ಸಡಿಲ ದಾರವನ್ನು ಹಾಗೇ ಸುತ್ತಿದ್ದಕ್ಕೇ ಆ ಗುಬ್ಬಿ ಗೂಡು.

ಕೃಷ್ಣೆ ದಂಡೆ, ರಾಯಚೂರು:
ಮೇಲಿನವರು ಹೇಳಿದ್ದು ಸರಿ, ಆದರೆ ನಾನಾದರೆ ಗಾಳಿ ಜೋರಿದ್ದ ದಿನ ಬಯಲು ದಂಡೆಗೆ ಹೋಗೋದೇ ಇಲ್ಲ. ಅಂಕೋಲಾದಿಂದ ಸ್ವಲ್ಪ ಕೆಳಗೆ ಹೋದರೆ ಗಂಗಾವಳಿ ಹೊಳೆ, ಇನ್ನೂ ಮುಂದೆ ತದಡಿಯಲ್ಲಿ ಅಘನಾಶಿನಿ. ಹೊಳೆ ಕಡಲು ಸೇರೋ ಅಳಿವೆಯಿಂದ ಸ್ವಲ್ಪ ಒಳಗೆ, ಗುಡ್ಡದ ಮರೆಗೆ ನಿಂತರೆ ಗಾಳಿಯ ಕಾಟವೇ ಇಲ್ಲ. ಅಲ್ಲಿ ಗಾಳಿಗಿಂತ ಉಬ್ಬರ ಇಳಿತ ನೋಡಬೇಕು. ನೀರು ಹರಿಯುತ್ತಿದ್ದರೆ ಮೀನು ಬಾಯಿ ಹಾಕುತ್ತೆ, ನಿಂತರೆ ಅದೂ ನಿಲ್ಲುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಹರಿವು ಜಾಸ್ತಿ, ಅಷ್ಟಮಿ ಹೊತ್ತಿಗೆ ನೀರು ಸೋಮಾರಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ, ನಿನ್ನೆ ಸಿಕ್ಕ ಹೊತ್ತಿಗೇ ಇವತ್ತೂ ಹೋಗಿ ಕೂತರೆ ಸುಮ್ನೆ.

ಇನ್ನೊಂದು. ನಾವು ಹೊಳೆ ದಂಡೆಯವರು, ಬಂಡೆ ಕಂಡರೆ ಹತ್ತಿ ಕೂರೋ ಚಟ. ಕಡಲ ಬಂಡೆ ಮೇಲೆ ಪಾಚಿ ಇರುತ್ತೆ, ಹತ್ತು ಸಣ್ಣ ಅಲೆ ಆದ ಮೇಲೆ ಒಂದು ದೊಡ್ಡದು ಬಂದು ಸೊಂಟಕ್ಕೆ ಹೊಡೆಯುತ್ತೆ. ನನಗೆ ಹೊಡೆದಿದೆ, ಒಂದು ಚಪ್ಪಲಿ, ಬುತ್ತಿ ಡಬ್ಬಿ ಹೋಯಿತು, ನಾನು ಉಳಿದೆ. ಬಂಡೆ ಒದ್ದೆ ಇದ್ದರೆ ಹತ್ತಬೇಡಿ. ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳೋದೂ ಉಂಟು. ಹೈದರಾಬಾದಿನ ಇನ್‌ಕಾಯ್ಸ್ ಅನ್ನೋ ಸರ್ಕಾರಿ ಸಾಗರ ಮಾಹಿತಿ ಕೇಂದ್ರ ಅಲೆ ಎಷ್ಟು ಎತ್ತರ ಅಂತ ಮುನ್ಸೂಚನೆ ಕೊಡುತ್ತೆ, ಬಸ್ ಹತ್ತೋ ಮುಂಚೆ ನೋಡಿ.

ಅಳಿವೆಯಲ್ಲಿ ಮೀಸೆ ಇರೋ ಮೀನು ಸಿಕ್ಕರೆ ಬರಿಗೈಲಿ ಹಿಡೀಬೇಡಿ. ನಮ್ಮ ಚೇಳು ಮೀನಿನ ಹಾಗೆ ಮುಳ್ಳಲ್ಲಿ ವಿಷ.

ಮುನಿರಾಬಾದ್ ಗಾಳ:
ಇಬ್ಬರಿಗೂ ದೊಡ್ಡ ನಮಸ್ಕಾರ. ಹಾಗಾದರೆ ಬೆಳಿಗ್ಗೆ ದಂಡೆ, ಮಧ್ಯಾಹ್ನ ತದಡಿ. ನನ್ನ ರೀಲು ಮಾತ್ರ ಅಲ್ಲಿಂದ ಬಂದಾಗಿನಿಂದ ಕರಕರ ಅನ್ನುತ್ತಿದೆ, ಮರಳು ಹೋಗಿರಬೇಕು ಅಂದುಕೊಂಡೆ.

ಬಳ್ಳಾರಿ ಬಿಸಿಲು:
ಮರಳಲ್ಲ, ಉಪ್ಪು. ಸಿಹಿನೀರಲ್ಲಿ ತೊಳೆದಿರಾ?

ಮುನಿರಾಬಾದ್ ಗಾಳ:
ಇಲ್ಲ್ರೀ. ಚೀಲದಲ್ಲಿ ಹಾಗೇ ಇಟ್ಟಿದ್ದೆ, ವರ್ಷ ಆಯಿತು.

ಬಳ್ಳಾರಿ ಬಿಸಿಲು:
ಹೊಸಾದು ತಗೊಳ್ಳಿ ಅಣ್ಣಾ.