ಟಿಬೆಟಿಯನ್ ಸಂಸ್ಕೃತಿಯ ಮಾಹಿತಿ, ನೆರವಿನ ಸಂಸ್ಥೆಗಳು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿರೋ ಟಿಬೆಟಿಯನ್ ನಿರಾಶ್ರಿತರ ಮಕ್ಕಳ ಓದಿಗೆ ನೆರವಾಗಬೇಕು, ಟಿಬೆಟಿಯನ್ ಇತಿಹಾಸವನ್ನೂ ಸರಿಯಾಗಿ ಓದಬೇಕು. ಜಾಲದಲ್ಲಿ ಹತ್ತಾರು ಸಂಸ್ಥೆಗಳ ಹೆಸರು ಸಿಗುತ್ತವೆ. ಯಾವುದನ್ನು ನಂಬೋದು? ಅಕ್ಕ ಅಮೆರಿಕದ ಪ್ರಜೆ, ಅವರೂ ಹಣ ಕೊಡ್ತಾರಂತೆ.

ಉತ್ತರ 1: ಓದಿಗೆ ಧರ್ಮಶಾಲೆಯ ಲೈಬ್ರರಿ ಆಫ್ ಟಿಬೆಟನ್ ವರ್ಕ್ಸ್ ಅಂಡ್ ಆರ್ಕೈವ್ಸ್ ಮೊದಲು ನೋಡಿ. 1970ರಲ್ಲಿ ಶುರುವಾದದ್ದು, ಹಸ್ತಪ್ರತಿಗಳಿವೆ, ಭಾಷೆ ಮತ್ತು ಬೌದ್ಧ ದರ್ಶನದ ತರಗತಿಗಳೂ ನಡೆಯುತ್ತವೆ. ನೆರವಿನ ವಿಷಯಕ್ಕೆ ನೇರ ಸೆಟ್ಲ್‌ಮೆಂಟ್ ಆಫೀಸಿಗೇ (ಟಿಬೆಟಿಯನ್ ವಸತಿಯ ಆಡಳಿತ ಕಚೇರಿ) ಬರೆಯಿರಿ. ಬೈಲಕುಪ್ಪೆಯಲ್ಲಿ ಎರಡು ವಸತಿಗಳಿವೆ, ಲುಗ್ಸುಂಗ್ ಸಮ್ದುಪ್ಲಿಂಗ್ ಮತ್ತು ಡಿಕ್ಯಿ ಲಾರ್ಸೋ. ಆಫೀಸೂ ಬೇರೆ ಬೇರೆ. ಶಾಲೆ ಯಾವ ವಸತಿಗೆ ಸೇರಿದ್ದು, ಕ್ಯಾಂಪ್ ನಂಬರ್ ಎಷ್ಟು ಅಂತ ಬರೆಯದಿದ್ದರೆ ಪತ್ರ ಅಲ್ಲಿಂದಿಲ್ಲಿಗೆ ಅಲೆಯುತ್ತೆ. ಟಿಬೆಟಿಯನ್ ಹೊಸ ವರ್ಷವಾದ ಲೋಸರ್ ಹಬ್ಬದ ದಿನಗಳಲ್ಲಿ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಉತ್ತರ ತಡವಾದರೆ ಗಾಬರಿ ಬೇಡ.

ಉತ್ತರ 2: ಅಕ್ಕನ ಹಣದ ವಿಷಯದಲ್ಲಿ ದಯವಿಟ್ಟು ಹುಷಾರು. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ದರೂ ಕಾನೂನಿನ ಪ್ರಕಾರ ಅದು ವಿದೇಶಿ ದೇಣಿಗೆಯೇ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರೋ ಅದರ ಎಫ್‌ಸಿಆರ್‌ಎ ಖಾತೆಗೇ ಬೀಳಬೇಕು. ಮಾಮೂಲಿ ಖಾತೆಗೆ ಹಾಕಿದರೆ ಸಿಕ್ಕಿಬೀಳೋದು ಸಂಸ್ಥೆ, ನಷ್ಟ ಮಕ್ಕಳಿಗೆ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆದರೆ ಈ ತಾಪತ್ರಯ ಇಲ್ಲ. ಆದಾಯ ತೆರಿಗೆ ವಿನಾಯಿತಿಗೆ ಬೇಕಾಗೋ 80ಜಿ ರಸೀದಿ ಕೇಳಿ ಪಡೆಯಿರಿ. ವ್ಯಕ್ತಿಯ ಹೆಸರಿನ ಯುಪಿಐಗೆ ಮಾತ್ರ ಕಳಿಸಲೇಬೇಡಿ.

ಉತ್ತರ 3: ಅಕ್ಕ ಬಂದು ಬೈಲಕುಪ್ಪೆಯಲ್ಲೇ ಉಳಿಯೋದಾದರೆ ಗೃಹ ಸಚಿವಾಲಯದ ಪಿಎಪಿ (ಸಂರಕ್ಷಿತ ಪ್ರದೇಶಕ್ಕೆ ಹೋಗೋ ವಿದೇಶಿಯರಿಗೆ ಕೊಡೋ ಪರವಾನಗಿ) ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ, ಟಿಕೆಟ್‌ಗೆ ಮುಂಚೆಯೇ ಅರ್ಜಿ ಹಾಕಿಸಿ. ಉತ್ತರ ಕನ್ನಡದ ಮುಂಡಗೋಡದ ಟಿಬೆಟಿಯನ್ ವಸತಿಗೂ ಇದೇ ನಿಯಮ.